ಅಂಜನಮ್ಮನ ಕಾಫಿಯ ವಾಲಿದ ಅಕ್ಷರ

"ಯಾರ್ರೀ ಅದು, ದರೆ ಮೇಲೆ ನಿಂತ್ಕೊಂಡು ಹೆಣ್ಣುಮಕ್ಕಳ ಕಾಲು ನೋಡ್ತಿರೋದು?"

ದೇವೀರಿಯ ಕೂಗಿಗೆ ಕಣದ ಅಂಚಿನಲ್ಲಿ ಕೂತಿದ್ದ ಕಾಗೆ ಹಾರಿಹೋಯಿತು. ರಸ್ತೆಯಂಚಿನ ಎತ್ತರದ ದರೆಯ ಮೇಲಿದ್ದವನು ಮಾತ್ರ ಕದಲಲಿಲ್ಲ. ತೆಳ್ಳಗಿನ ಆಳು, ಬಣ್ಣದ ಕಲೆಗಳಾದ ಖಾಕಿ ಕೋಟು, ಧೂಳು ಹಿಡಿದ ಬೂಟು, ಕಂಕುಳಲ್ಲೊಂದು ಕಾಗದದ ಸುರುಳಿ. ಬಿಸಿಲಿಗೆ ಕೈ ಅಡ್ಡ ಹಿಡಿದು, ಕಣದ ಮೇಲೆ ನೆಟ್ಟ ಕಣ್ಣು ಕೀಳದೆ ನಿಂತಿದ್ದ.

"ಕಾಲಲ್ಲ," ಎಂದ ಅವನು. "ಗೆರೆ ನೋಡ್ತಿದ್ದೆ."

"ಯಾವ ಗೆರೆ?"

"ನಿಮ್ಮ ಜ. ಅದರ ಹೊಟ್ಟೆ ಎಷ್ಟು ಚೆನ್ನಾಗಿ ತುಂಬ್ಕೊಂಡಿದೆ ನೋಡಿ. ಊಟ ಮುಗಿಸಿ ಎಲ್ಲಿಗೋ ಹೊರಟ ಹಾಗಿದೆ."

ಕಣದಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ಕಣದ ಬೀಜದಲ್ಲಿ ದೇವೀರಿ ಪಾದದಿಂದ ಬರೆದಿದ್ದ ಆ ಜ ಬೇರೆ ಯಾರದ್ದೂ ಅಲ್ಲ, ಜವರಮ್ಮನ ಹೆಸರಿನದು. ಜವರಮ್ಮ ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು, "ಇವನ ಬಾಯಿಗೆ ಮಣ್ಣು ಹಾಕ!" ಎಂದಳು. ಆದರೆ ಅವಳೂ ನಗುತ್ತಿದ್ದಳು.

ಇದು ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮುಂಚಿನ ಮಾತು. ಕೊಟ್ಟಿಗೆಹಾರದ ಈಚೆ, ಮೂಡಿಗೆರೆ ರಸ್ತೆಯ ದೊಡ್ಡ ತಿರುವಿನ ಕೆಳಗೆ ಅಂಜನಮ್ಮನವರ ತೋಟ. ದೊಡ್ಡ ಎಸ್ಟೇಟೇನಲ್ಲ. ಗಂಡ ತೀರಿಕೊಂಡ ಮೇಲೆ ಅಂಜನಮ್ಮ ತಾವೇ ನಿಂತು ನಡೆಸುತ್ತಿದ್ದ ತುಂಡು ತೋಟ. ದೇವೀರಿ ಅವರ ಅಣ್ಣನ ಮಗಳು. ತಾಯಿತಂದೆ ಇಲ್ಲದ ಕೂಸನ್ನು ಅತ್ತೆಯೇ ಸಾಕಿದ್ದರು.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು, ಬೀಜವನ್ನು ಕಣದಲ್ಲಿ ಹರಡುತ್ತಾರಲ್ಲ, ಆ ಬೆಳ್ಳನೆಯ ಬೀಜಕ್ಕೆ ಪಾರ್ಚ್‌ಮೆಂಟ್ ಎಂದು ಹೆಸರು. ಅದು ಹದವಾಗಿ ಒಣಗಬೇಕಾದರೆ ಮತ್ತೆ ಮತ್ತೆ ಕೆದಕುತ್ತಿರಬೇಕು. ಈ ತೋಟದಲ್ಲಿ ಕೆದಕುವುದು ಕಾಲಿನಿಂದ. ಪಾದ ಮೇಲೆತ್ತದೆ, ನೆಲಕ್ಕೆ ಉಜ್ಜಿಕೊಂಡು ಸಾಲುಸಾಲಾಗಿ ನಡೆಯುತ್ತಾರೆ. ಪಾದ ಹೋದಲ್ಲೆಲ್ಲ ಬೀಜ ಸರಿದು, ಸೆಗಣಿ ಸಾರಿಸಿದ ಕಪ್ಪು ನೆಲ ಕಾಣುತ್ತದೆ. ದೇವೀರಿಗೆ ನಾಲ್ಕನೇ ಕ್ಲಾಸಿನವರೆಗೆ ಓದು ಹತ್ತಿತ್ತು. ಸುಮ್ಮನೆ ನಡೆಯುವುದು ಬೇಸರವಾಗಿ ಅವಳು ಪಾದದಲ್ಲೇ ಹೆಸರು ಬರೆಯುತ್ತಿದ್ದಳು. "ಇವತ್ತು ನಂದು ಬರಿ," "ಇಲ್ಲ, ನಂದು" ಎಂದು ಹೆಂಗಸರು ಜಗಳ ಆಡುತ್ತಿದ್ದರು. ಬರೆದದ್ದು ಮುಂದಿನ ಸಲ ಕೆದಕುವಾಗ ಅಳಿಸಿಹೋಗುತ್ತಿತ್ತು, ಯಾರಿಗೂ ನಷ್ಟವಿಲ್ಲ.

ದರೆಯ ಮೇಲಿದ್ದವನು ಈಗ ಇಳಿದು ಬಂದ. "ನಾನು ಚನ್ನಕೇಶವ. ಚಿಕ್ಕಮಗಳೂರಲ್ಲಿ ಬೋರ್ಡು ಬರೀತೀನಿ. ಅಂಜನಮ್ಮೋರು ಹೇಳಿಕಳಿಸಿದ್ರು."

"ಹಾಗಾದ್ರೆ ಮನೆ ಆ ಕಡೆ," ಎಂದಳು ದೇವೀರಿ. "ಗೆರೆ ಈ ಕಡೆ."

ಅವನು ಮನೆಯ ಕಡೆ ಹೊರಟ. ಹೊರಟವನು ತಿರುಗಿ ನೋಡಿದ. ತಿರುಗಿ ನೋಡುತ್ತಾನೋ ಇಲ್ಲವೋ ಎಂದು ನೋಡುತ್ತ ನಿಂತಿದ್ದ ದೇವೀರಿ ಸಿಕ್ಕಿಬಿದ್ದಳು. ತಟ್ಟನೆ ತಲೆ ತಗ್ಗಿಸಿ ಜವರಮ್ಮನ ಹೆಸರನ್ನೆಲ್ಲ ಕಾಲಲ್ಲಿ ಕಲಸಿಬಿಟ್ಟಳು.

ಅವಳು ಅವನನ್ನು ಮನೆಯವರೆಗೆ ಕರೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಅದಕ್ಕೆ ಕಾರಣವಿದೆ.

ಚಿಕ್ಕಂದಿನಲ್ಲಿ ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಅವಳ ಬಲಗಾಲು ತುಸು ಗಿಡ್ಡವಾಗಿ ಉಳಿದಿತ್ತು. ಗಟ್ಟಿನೆಲದ ಮೇಲೆ ನಡೆದರೆ ಹೆಜ್ಜೆಗೊಮ್ಮೆ ಮೈ ಬಲಕ್ಕೆ ವಾಲುತ್ತಿತ್ತು. ಕಣದಲ್ಲಿ ಮಾತ್ರ ಅದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಎಲ್ಲರೂ ಕಾಲೆಳೆದುಕೊಂಡೇ ನಡೆಯುತ್ತಾರೆ. ಕಣಕ್ಕಿಳಿದರೆ ದೇವೀರಿ ರಾಣಿ. ಕಣ ಬಿಟ್ಟರೆ, ಹೊಸಬರ ಎದುರು ಅವಳು ನಿಂತಲ್ಲೇ ನಿಲ್ಲುವವಳು.

ಹಿಂದಿನ ವರ್ಷ ಕಳಸದ ಕಡೆಯಿಂದ ಹೆಣ್ಣು ನೋಡಲು ಬಂದಿದ್ದರು. "ಒಂದ್ಸಲ ನಡೆದು ತೋರ್ಸಮ್ಮ" ಎಂದರು. ಕಾಫಿಯ ತಟ್ಟೆ ಹಿಡಿದು ನಡೆದಳು. ಅವರು ಕಾಫಿ ಕುಡಿದು, "ಇಂಥ ಕಾಫಿ ನಮ್ಮ ಕಡೆಯೂ ಸಿಗಲ್ಲ" ಎಂದು ಹೊಗಳಿ ಎದ್ದುಹೋದರು. ಮತ್ತೆ ಸುದ್ದಿಯಿಲ್ಲ. ಅದಕ್ಕೂ ಮುಂಚೆ ಬಂದವರೂ ಹಾಗೇ ಮಾಡಿದ್ದರು. ಅಂಜನಮ್ಮ ಸುಮ್ಮನೆ ಕೂರುವ ಪೈಕಿಯವರಲ್ಲ. "ಹೆಣ್ಣು ಒಪ್ಪದ ಕುರುಡರೂ ನಮ್ಮ ಕಾಫಿ ಒಪ್ಪಿದಾರೆ ಕಣೆ. ಇನ್ನು ಬೀಜಾನ ಏಜೆಂಟರ ಬಾಯಿಗೆ ಹಾಕಲ್ಲ. ಹುರಿದು, ಪುಡಿ ಮಾಡಿ, ನಮ್ಮ ಹೆಸರಲ್ಲೇ ಮಾರೋಣ!" ಎಂದು ಸೊಂಟ ಕಟ್ಟಿ ನಿಂತುಬಿಟ್ಟರು. ಹೆಸರೂ ಸಿದ್ಧವಾಗಿತ್ತು, ಅಂಜನಮ್ಮನ ಕಾಫಿ. ಡಬ್ಬಿಯ ಮೇಲೆ ಅಂಟಿಸುವ ಚೀಟಿಗೆ ಅಕ್ಷರ ಬೇಕಿತ್ತು. ಅದಕ್ಕೇ ಈ ಚನ್ನಕೇಶವ ಬಂದದ್ದು.

ಜಗುಲಿಯಲ್ಲಿ ಅವನು ತನ್ನ ಮಾದರಿಗಳನ್ನು ಹರಡಿದ. ಒಂದೊಂದು ಅಕ್ಷರಕ್ಕೂ ಚೂಪಾದ ಮೊನೆ, ಹಿಂದೆ ಕಪ್ಪು ನೆರಳು, ಸುತ್ತ ಚಿನ್ನದ ಬಳ್ಳಿ. ಪೇಟೆಯಲ್ಲಿ ಅದಕ್ಕೆ ಬಹಳ ಬೇಡಿಕೆಯಂತೆ. ಅಂಜನಮ್ಮ ಕನ್ನಡಕ ಏರಿಸಿ ನೋಡಿದರು.

"ಎಂತದು ಮಾರಾಯ ಇದು? ಕೋರ್ಟಿಂದ ಸಮನ್ಸ್ ಬಂದ ಹಾಗಿದೆ. ಇದನ್ನ ನೋಡಿದವರು ಕಾಫಿ ಕುಡಿಯಲ್ಲ, ವಕೀಲರ ಮನೆಗೆ ಓಡ್ತಾರೆ."

"ಹಾಗಾದ್ರೆ ಹೇಗಿರಬೇಕಮ್ಮ?"

"ನಮ್ಮ ಮನೆ ಬಾಗಿಲಿಗೆ ಯಾರಾದ್ರೂ ಬಂದ್ರೆ ನಾನು ಎಂತ ಅಂತೀನಿ? ಬನ್ನಿ ಅಂತೀನಿ. ಅಕ್ಷರಾನೂ ಹಾಗೇ ಅನ್ಬೇಕು."

ಚನ್ನಕೇಶವ ತನ್ನ ಚಿನ್ನದ ಬಳ್ಳಿಗಳನ್ನೆಲ್ಲ ಸುತ್ತಿ ಬದಿಗಿಟ್ಟ. "ಅಂಥ ಅಕ್ಷರ ನಿಮ್ಮ ಕಣದಲ್ಲೇ ಇದೆ. ಕಲಿಯೋಕೆ ಅಪ್ಪಣೆ ಕೊಡ್ತೀರಾ?" ಎಂದ.

ಹಿತ್ತಲಿಂದ ಬಂದು ಬಾಗಿಲ ಹಿಂದೆ ನಿಂತಿದ್ದ ದೇವೀರಿ ಅದನ್ನು ಕೇಳಿಸಿಕೊಂಡಳು. ಪೇಟೆಯ ಮನುಷ್ಯನೊಬ್ಬ ತನ್ನ ಪಾದದ ಆಟವನ್ನು ಅಕ್ಷರ ಎಂದು ಕರೆದದ್ದು ಅವಳಿಗೆ ಕುಣಿಯುವಷ್ಟು ಖುಷಿ ಕೊಟ್ಟಿತು.

ಮಾರನೆಯ ದಿನದಿಂದ ಕಣದಲ್ಲಿ ತಮಾಷೆಯೇ ತಮಾಷೆ. ಅವನು ಕೊಟ್ಟಿಗೆಹಾರದ ಹೋಟೆಲಿನಲ್ಲಿ ತಂಗಿ, ಬೆಳಗಿನ ಮಂಜು ಕರಗುವ ಹೊತ್ತಿಗೆ ನಡೆದು ಬರುತ್ತಿದ್ದ. ಬೂಟು ಕಳಚಿ, ಪ್ಯಾಂಟು ಮಡಚಿ, ಕಾಫಿಗೆ ಇಳಿಯುತ್ತಿದ್ದ. ಇಳಿದ ಮೊದಲ ದಿನ ಬೀಜ ಜಾರಿ ಕುಕ್ಕರಬಡಿದ.

"ನಿಮ್ಮ ಕಣ ಇಳಿಜಾರಿದೆ," ಎಂದ, ಕೋಟು ಕೊಡವುತ್ತ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!" ಎಂದಳು ದೇವೀರಿ.

"ನಾನು ಕುಣಿಯೋಕೆ ಬಂದಿಲ್ಲ, ಬರೆಯೋಕೆ ಬಂದಿದೀನಿ."

"ಎರಡೂ ಬರಲ್ಲ ಅಂತ ಕಾಣುತ್ತಲ್ಲ."

ಅವನು ತಲೆಯೆತ್ತಿ ನೋಡಿದ. ಅವನ ಕಣ್ಣಿಗೆ ಒಂದು ಅಭ್ಯಾಸವಿತ್ತು. ನೋಡುವುದನ್ನು ಮೊದಲು ಅಂಚಿನಿಂದ ನೋಡಿ, ಆಮೇಲೆ ನಿಧಾನವಾಗಿ ಒಳಗೆ ಬರುತ್ತಿತ್ತು. ದೇವೀರಿಯ ಹಣೆಯ ಕೂದಲು, ಕಿವಿಯ ಓಲೆ, ಗಲ್ಲದ ಬೆವರು, ಇಷ್ಟೆಲ್ಲ ದಾಟಿ ಅದು ಅವಳ ಕಣ್ಣಿಗೆ ಬಂದು ನಿಂತಾಗ ಅವಳು ಜವರಮ್ಮನನ್ನು ವಿನಾಕಾರಣ ಬೈದಳು.

ಅವನು ಬಾಯಿಬಿಟ್ಟು ಯೋಚಿಸುವ ಜಾತಿ. "ಕುಂಚದಲ್ಲಿ ಬರೆದ್ರೆ ಕೊನೆ ಚೂಪಾಗುತ್ತೆ. ಪಾದಕ್ಕೆ ಚೂಪು ಎಲ್ಲಿದೆ? ಶುರುವೂ ಗುಂಡು, ಕೊನೆಯೂ ಗುಂಡು. ಗೆರೆ ಉದ್ದಕ್ಕೂ ಒಂದೇ ದಪ್ಪ. ಇಂಗ್ಲಿಷ್ ಅಚ್ಚಿನ ಅಕ್ಷರಗಳಿಗೆ ಮೂಲೆಮೂಲೆಯಲ್ಲೂ ಚಿಕ್ಕ ಉಗುರು ಇರುತ್ತೆ ನೋಡಿ. ನಿಮ್ಮದಕ್ಕೆ ಉಗುರೇ ಇಲ್ಲ."

"ಉಗುರು ಇರೋದು ನನಗೆ. ಹುಷಾರು," ಎಂದಳು ದೇವೀರಿ.

ಕುಂಚ ಸರಿಹೋಗದೆ ಅವನು ಪೇಚಾಡುವಾಗ, ಅಡಿಗೆಮನೆಯಿಂದ ಹಳೆಯ ಬಟ್ಟೆ ತರಿಸಿ ಕೋಲಿನ ತುದಿಗೆ ಉಂಡೆಯಾಗಿ ಕಟ್ಟಿಕೊಟ್ಟವಳು ಅವಳೇ. ಅದನ್ನು ಬಣ್ಣದಲ್ಲಿ ಅದ್ದಿ ಎಳೆದರೆ ಗೆರೆ ಪಾದದಷ್ಟೇ ಗುಂಡಾಗಿ ಬಂತು. ಇಬ್ಬರೂ ಒಟ್ಟಿಗೆ "ಹಾ!" ಎಂದರು. ಸಂತೋಷದಲ್ಲಿ ಅವನು ಕೋಲಿನ ಜೊತೆ ಅವಳ ಬೆರಳನ್ನೂ ಹಿಡಿದಿದ್ದ. ಬಿಡಬೇಕೆಂಬುದು ಇಬ್ಬರಿಗೂ ತಡವಾಗಿ ನೆನಪಾಯಿತು.

ಅಂಜನಮ್ಮ ಎಲ್ಲವನ್ನೂ ಜಗುಲಿಯಿಂದ ನೋಡುತ್ತಿದ್ದರು. ಒಂದು ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಅವನ ಊರು, ಮನೆತನ ಎಲ್ಲ ವಿಚಾರಿಸಿದರು. ಬೇಲೂರಿನ ಕಡೆಯವರು, ದೂರದಲ್ಲಿ ತಮಗೆ ನೆಂಟರೇ ಆಗಬೇಕು ಎಂದು ತಿಳಿದ ಮೇಲೆ ಅವನ ಎಲೆಗೆ ತುಪ್ಪ ಎರಡನೆಯ ಸಲವೂ ಬಿತ್ತು.

ದೇವೀರಿ ಮಾತ್ರ ಒಂದು ಎಚ್ಚರ ಬಿಡಲಿಲ್ಲ. ಅವನು ಬರುವ ಮುಂಚೆಯೇ ಕಣದಲ್ಲಿರುತ್ತಿದ್ದಳು, ಹೋದ ಮೇಲೆಯೇ ಹೊರಗೆ ಬರುತ್ತಿದ್ದಳು. ಅವನ ಎದುರು ಗಟ್ಟಿನೆಲದ ಮೇಲೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಇಷ್ಟು ದಿನಕ್ಕೆ ಒಬ್ಬನಾದರೂ ತನ್ನ ಕಾಲನ್ನು ಮೊದಲು ನೋಡದೆ ತನ್ನನ್ನು ನೋಡಿದ್ದ. ಆ ಸುಖ ಇನ್ನೊಂದು ದಿನ ಇರಲಿ, ಇನ್ನೊಂದೇ ದಿನ ಇರಲಿ ಎಂದು ಅವಳಿಗೆ ಆಸೆ.

ಚೀಟಿಯ ಮಾದರಿ ಮುಗಿಸಿ ತರುತ್ತೇನೆಂದು ಅವನು ಚಿಕ್ಕಮಗಳೂರಿಗೆ ಹೋದ. ಒಂದು ವಾರದ ಮೇಲೆ ಬಂದ. ಕೈಯಲ್ಲಿ ಬಟ್ಟೆ ಹೊದಿಸಿದ ಡಬ್ಬಿ, ಮುಖದಲ್ಲಿ ಹಬ್ಬ. ಅಂಜನಮ್ಮ, ದೇವೀರಿ, ಹೆಂಗಸರು, ಮೇಸ್ತ್ರಿ ಭೂತಯ್ಯ, ಎಲ್ಲರೂ ಜಗುಲಿಯಲ್ಲಿ ಸೇರಿದರು. ದೇವೀರಿ ಮೊದಲೇ ಬಂದು ಕಂಬಕ್ಕೆ ಒರಗಿ ಕೂತಿದ್ದಳು.

ಅವನು ಬಟ್ಟೆ ತೆಗೆದ.

ಹಸಿರು ಡಬ್ಬಿಯ ಮೇಲೆ ಕೆನೆಬಣ್ಣದ ಅಕ್ಷರ. ದಪ್ಪ, ಗುಂಡು, ಮೊನೆಯಿಲ್ಲದ ಅಕ್ಷರ. ಅಂಜನಮ್ಮನ ಕಾಫಿ. ಕೆಳಗೆ ಇಂಗ್ಲಿಷಿನಲ್ಲೂ ಅದೇ ಹೆಸರು, ಅದಕ್ಕೂ ಅದೇ ಮೈ. ಎಲ್ಲವೂ ಒಂದೇ ಕಡೆ ತುಸು ವಾಲಿ, ಡಬ್ಬಿಯಿಂದ ಇಳಿದು ಎದುರಿಗೆ ಬರುತ್ತಿರುವ ಹಾಗಿದ್ದವು. ಅಂಜನಮ್ಮ, "ಅಯ್ಯೋ, ಇದು ಬನ್ನಿ ಅಂತಿದೆ ಕಣೇ!" ಎಂದು ಚಪ್ಪಾಳೆ ಹೊಡೆದರು.

ಭೂತಯ್ಯನಿಗೂ ಸಂಭ್ರಮ. ದೇವೀರಿಯನ್ನು ಹೆಗಲ ಮೇಲೆ ಹೊತ್ತು ಆಡಿಸಿದ ಮನುಷ್ಯ ಅವನು. ಪ್ರೀತಿಯಿಂದಲೇ ಅಂದುಬಿಟ್ಟ: "ಅರೆ, ಇದು ನಮ್ಮ ದೇವೀರಮ್ಮ ನಡೆದ ಹಾಗೇ ಇದೆಯಲ್ಲ! ಥೇಟು ಅದೇ ವಾಲಾಟ!"

ಯಾರೂ ನಗಲಿಲ್ಲ. ಭೂತಯ್ಯ ನಾಲಿಗೆ ಕಚ್ಚಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ದೇವೀರಿ ಡಬ್ಬಿಯನ್ನು ನೋಡಿದಳು. ಹೌದು, ಅದು ಅವಳೇ. ಬಲಕ್ಕೆ ಜಗ್ಗುವ ಅವಳ ಪಾದ ಗೆರೆಯನ್ನೂ ಜಗ್ಗಿತ್ತು, ಅಕ್ಷರವೆಲ್ಲ ಓರೆಯಾಗಿತ್ತು. ಇವನು ಅದನ್ನು ಹಾಗೇ ಎತ್ತಿಕೊಂಡಿದ್ದ. ನಾಳೆ ಚಿಕ್ಕಮಗಳೂರಿನ ಅಂಗಡಿ ಅಂಗಡಿಯಲ್ಲಿ ತನ್ನ ಕುಂಟು ಸಾಲಾಗಿ ನಿಲ್ಲುತ್ತದೆ. ಇವನಿಗೆ ಗೊತ್ತಿತ್ತು, ಮೊದಲ ದಿನ ದರೆಯ ಮೇಲೆ ನಿಂತಾಗಿಂದ ಗೊತ್ತಿತ್ತು! ಅವಳ ಮೈಯೆಲ್ಲ ಉರಿಯಿತು.

ಅವಳು ಎದ್ದಳು. ಜಗುಲಿ ಇಳಿದು, ಅಂಗಳದ ಗಟ್ಟಿನೆಲದ ಮೇಲೆ, ಎಲ್ಲರ ಎದುರು ಬಾವಿಯವರೆಗೆ ನಡೆದಳು. ತಿರುಗಿ ನಡೆದು ಬಂದಳು. ಮುಚ್ಚಲಿಲ್ಲ, ಮರೆಸಲಿಲ್ಲ.

"ಸರಿಯಾಗಿ ಹೋಲಿಸಿ ನೋಡ್ಕೊಳ್ಳಿ," ಎಂದಳು. "ಎಲ್ಲಾದ್ರೂ ಕಮ್ಮಿ ವಾಲಿದ್ರೆ ತಿದ್ಕೊಳ್ಳಿ."

ಚನ್ನಕೇಶವನ ಮುಖದ ಹಬ್ಬ ಆರಿಹೋಗಿತ್ತು. "ನನಗೆ ಗೊತ್ತಿರ್ಲಿಲ್ಲ," ಎಂದ.

"ಕಣ್ಣಿರ್ಲಿಲ್ವಾ?"

"ಕಣದಲ್ಲಿ ಎಲ್ಲರೂ ಹಾಗೇ ನಡೀತಿದ್ರಲ್ಲ... ಆಣೆ ಮಾಡಿ ಹೇಳ್ತೀನಿ. ನಾನು ಗೆರೆ ನೋಡಿದ್ದು, ಕಾಲು ನೋಡಿಲ್ಲ. ಅವತ್ತೇ ಹೇಳಿದ್ದೆ."

"ನೆಟ್ಟಗೆ ಮಾಡಿ ತನ್ನಿ. ಆಗಲ್ಲ ಅಂದ್ರೆ ಡಬ್ಬಿಯೂ ಬೇಡ, ನೀವೂ ಬೇಡ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಡಬ್ಬಿಯನ್ನು ಜಗುಲಿಯಲ್ಲೇ ಬಿಟ್ಟು ಹೊರಟುಹೋದ.

ಆಮೇಲಿನ ದಿನಗಳಲ್ಲಿ ಕಣದಲ್ಲಿ ಹೆಸರು ಬರೆಯುವುದು ನಿಂತಿತು. ದೇವೀರಿ ಉಳಿದವರ ಹಾಗೆ ನೆಟ್ಟಗೆ ಸಾಲು ಎಳೆಯಲು ನೋಡಿದಳು. ಆ ಸಾಲುಗಳೂ ವಾಲಿದವು. ದಿನಕ್ಕೆರಡು ಸಲ ತಿರುವಿನಲ್ಲಿ ಬಸ್ಸಿನ ಸದ್ದಾದಾಗ ಅವಳು ಮಾತ್ರ ತಲೆ ಎತ್ತಲಿಲ್ಲ.

ಒಂದು ಸಂಜೆ ಭೂತಯ್ಯ ಕೊಟ್ಟಿಗೆಹಾರದಿಂದ ಪೊಟ್ಟಣ ತಂದ. ಚನ್ನಕೇಶವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದು. ಒಳಗೆ ಹೊಸ ಡಬ್ಬಿ.

"ನಾಳೆ ಬೆಳಗಿನ ಬಸ್ಸಿಗೆ ಮಂಗಳೂರಿಗೆ ಹೋಗ್ತಾರಂತೆ," ಎಂದ ಭೂತಯ್ಯ, ಇನ್ನೂ ಸಪ್ಪೆ ಮುಖದಲ್ಲೇ. "ಅಲ್ಲಿ ಕಲ್ಲಚ್ಚಿನ ಪ್ರೆಸ್ಸಲ್ಲಿ ಈ ಅಕ್ಷರಾನ ಕಲ್ಲಿಗೆ ಇಳಿಸ್ತಾರಂತೆ. ಒಂದ್ಸಲ ಇಳಿಸಿದ್ರೆ ಮುಗೀತು, ಮತ್ತೆ ಬದಲಾಯ್ಸಕ್ಕೆ ಆಗಲ್ವಂತೆ. ಆ ಪ್ರೆಸ್ಸಿನೋರು ಅವ್ರಿಗೆ ಅಲ್ಲೇ ಕೆಲಸ ಕೊಡ್ತೀವಿ ಅಂದವ್ರಂತೆ. ಇನ್ನು ಈ ಕಡೆ ಬರೋದು ಅಷ್ಟರಲ್ಲೇ ಇದೆ."

ಅಂಜನಮ್ಮ ಹೊಸ ಡಬ್ಬಿಯನ್ನು ಹಳೆಯದರ ಪಕ್ಕದಲ್ಲಿಟ್ಟರು. ಹೇಳಿದ ಹಾಗೇ ಮಾಡಿದ್ದ. ಅದೇ ದಪ್ಪ, ಅದೇ ಗುಂಡು. ಆದರೆ ಎಲ್ಲ ಅಕ್ಷರವೂ ನೆಟ್ಟಗೆ, ಫೋಟೋ ತೆಗೆಸಿಕೊಳ್ಳಲು ಉಸಿರು ಬಿಗಿಹಿಡಿದು ಕೂತವರ ಹಾಗಿದ್ದವು.

"ಚೆನ್ನಾಗೇ ಇದೆ," ಎಂದರು ಅಂಜನಮ್ಮ. "ಯಾರದೋ ಮನೆ ಕಾಫಿ ಅನ್ಸುತ್ತೆ, ಅಷ್ಟೇ."

ದೇವೀರಿ ಹೊಸ ಡಬ್ಬಿಯನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು.

"ಒಂದು ಮಾತು ಹೇಳ್ತೀನಿ ಕೇಳು. ನಿನ್ನ ಕಾಲಿನ ವಿಷಯ ಗೊತ್ತಿದ್ದವರು ಯಾರಾದ್ರೂ ಇದನ್ನ ಬರೀತಿದ್ರಾ? ನಾನು ಬರೀತಿದ್ನಾ? ನಾವೆಲ್ಲ ಅದನ್ನ ನೋಡಿಯೂ ನೋಡದ ಹಾಗೆ ಇಷ್ಟು ವರ್ಷ ಕಳೆದ್ವಿ. ಅಯ್ಯೋ ಪಾಪ ಅನ್ನೋರಿಗೆ ಇದು ಕಾಣಲ್ಲ ಮಾರಾಯ್ತಿ. ಆ ಹುಡುಗ ಏನೂ ಗೊತ್ತಿಲ್ದೆ, ಚೆಂದ ಕಂಡಿತು ಅಂತ ಬರೆದ."

ದೇವೀರಿ ಎರಡು ಡಬ್ಬಿಗಳನ್ನೂ ನೋಡಿದಳು. ಏನೂ ಗೊತ್ತಿಲ್ಲದೆ. ಆ ಮಾತು ಒಳಗೆ ಇಳಿಯುತ್ತ ಹೋಯಿತು. ಅವನು ಕರುಣೆಯಿಂದ ಬರೆದದ್ದಲ್ಲ, ಸಮಾಧಾನ ಹೇಳಲು ಬರೆದದ್ದಲ್ಲ. ಕಳಸದವರು ಕಂಡು ಎದ್ದುಹೋದದ್ದು ಯಾವುದೋ, ಅದನ್ನೇ ನೋಡುತ್ತ ಇವನು ಬಿಸಿಲಲ್ಲಿ ನಿಂತುಬಿಟ್ಟಿದ್ದ. ಅವಳೋ ಅವನನ್ನು ಕುರುಡ ಎಂದು ಬೈದು ಕಳಿಸಿದ್ದಳು.

"ಅತ್ತೆ," ಎಂದಳು, "ನನಗೆ ಅವರು ಬೇಕು."

"ಅಕ್ಷರವಾ?"

"ಅಕ್ಷರಾನೂ ಬೇಕು."

ಅಂಜನಮ್ಮ ತಿರುಗಿ ನಿಂತು ನಕ್ಕರು. ಭೂತಯ್ಯ ಮಾತ್ರ ಕಾರ್ಯಕ್ಕಿಳಿದ: "ಕೊಟ್ಟಿಗೆಹಾರಕ್ಕೆ ಹೋಗಿ ಬಸ್ಸಿಗೆ ಕಾಯೋಣವಾ ದೇವೀರಮ್ಮ? ಗಾಡಿ ಕಟ್ತೀನಿ."

"ಥೂ! ಅಷ್ಟು ಜನರ ಮುಂದೆ ನಾನು ಏನಂತ ಹೇಳ್ಲಿ?" ಎಂದಳು ಅವಳು. ಮಾರನೆಯ ದಿನ ಅವಳು ಮಾಡಿದ್ದನ್ನು ನೋಡಿದರೆ ಈ ಮಾತಿಗೆ ಯಾರಾದರೂ ನಗಬೇಕು.

ಬೆಳಿಗ್ಗೆ ಎದ್ದು ನೋಡಿದರೆ ಮಂಜೋ ಮಂಜು. ಕಣ ಇರಲಿ, ಕೈ ಮುಂದೆ ಚಾಚಿದರೆ ಕೈ ಕಾಣದು. ರಾತ್ರಿ ಗುಡ್ಡೆ ಹಾಕಿ ಮುಚ್ಚಿಟ್ಟಿದ್ದ ಪಾರ್ಚ್‌ಮೆಂಟನ್ನು ದೇವೀರಿ ಹೆಂಗಸರ ಕೈಯಲ್ಲಿ ಹರಡಿಸಿದಳು.

"ಇಷ್ಟು ಬೇಗ ಯಾಕವ್ವ? ಥಂಡಿಗೆ ಒಣಗುತ್ತಾ?" ಎಂದಳು ಜವರಮ್ಮ.

"ಒಣಗೋಕಲ್ಲ."

ಜವರಮ್ಮನಿಗೆ ಅರ್ಥವಾಯಿತು. ಅವಳು ಸೆರಗು ಸಿಕ್ಕಿಸಿದಳು. "ಏಯ್, ಎಲ್ಲರೂ ಬನ್ರೇ! ಅಂಚಿನವರೆಗೂ ಎಳೀರಿ! ಬೊಂಬಾಯಿಗೂ ಕಾಣಬೇಕು!"

ದೇವೀರಿ ಕಣದ ಆ ತುದಿಗೆ ಹೋಗಿ ನಿಂತಳು. ಬೆನ್ನಿಗೆ ಕಣಿವೆ, ಎದುರಿಗೆ ದರೆ, ದರೆಯ ಮೇಲೆ ರಸ್ತೆ. ಅಲ್ಲಿಂದ ರಸ್ತೆಯ ಕಡೆಗೆ ಪಾದ ಎಳೆಯುತ್ತ ನಡೆದಳು. ಇಷ್ಟು ದೊಡ್ಡ ಅಕ್ಷರ ಅವಳು ಹಿಂದೆ ಬರೆದಿರಲಿಲ್ಲ. ಒಂದೊಂದು ಸುತ್ತಿಗೂ ಕಣದ ಅರ್ಧ ಅಗಲ ನಡೆಯಬೇಕಿತ್ತು. ಬಲಗಾಲು ಜಗ್ಗಿತು. ಜಗ್ಗಲಿ ಎಂದು ಬಿಟ್ಟಳು. ಇವತ್ತು ಅವಳಿಗೆ ಅದನ್ನು ತಡೆದು ಹಿಡಿಯುವ ಮನಸ್ಸೇ ಇರಲಿಲ್ಲ. ಬೆವರಿಳಿಯಿತು, ಉಸಿರು ಹತ್ತಿತು, ಎದೆಯೊಳಗೆ ಡೊಳ್ಳು ಬಡಿಯಿತು. ಬರೆದು ಮುಗಿಸಿ ನಿಂತರೆ ತಾನು ಬರೆದದ್ದು ತನಗೇ ಕಾಣದಷ್ಟು ಮಂಜು.

ದೂರದಲ್ಲಿ ಮೋಟಾರಿನ ಸದ್ದು ಕೇಳಿಸಿತು.

"ಅಯ್ಯೋ, ಬಸ್ಸು!" ಎಂದರು ಹೆಂಗಸರು. ಸಿದ್ದಗಂಗಮ್ಮ ಎಂಬ ಮುದುಕಿ ಸೆರಗು ಬೀಸಿ ಮಂಜು ಓಡಿಸತೊಡಗಿದಳು. ಅವಳನ್ನು ನೋಡಿ ಉಳಿದವರೂ ಬೀಸಿದರು. ಭೂತಯ್ಯ ಟವೆಲ್ಲು ಬೀಸಿದ. ಸೆರಗಿಗೆ ಹೆದರಿ ಮಂಜು ಓಡುತ್ತದೆಯೇ! ಆದರೆ ದೇವೀರಿಗೆ ಆಗ ಬುದ್ಧಿ ಎಲ್ಲಿತ್ತು, ಅವಳೂ ಎರಡು ಕೈಯಲ್ಲಿ ಬೀಸಿದಳು. ಸದ್ದು ಹತ್ತಿರವಾಯಿತು. ಬಸ್ಸು ಏರು ಹತ್ತುತ್ತಿತ್ತು.

ಗಾಳಿ ಬಂತು. ಘಾಟಿಯ ಕಡೆಯಿಂದ ಬಂದ ಒಂದೇ ಒಂದು ಒಳ್ಳೆಯ ಗಾಳಿ. ಮಂಜು ಹರಿದು, ಬಿಸಿಲು ಕಣದ ಮೇಲೆ ಬಿತ್ತು.

ಆ ತಿರುವಿನಲ್ಲಿ ಬಸ್ಸು ಯಾವತ್ತೂ ನಿಲ್ಲುವುದಿಲ್ಲ. ಏರಿನಲ್ಲಿ ನಿಂತರೆ ಮತ್ತೆ ಎತ್ತುವುದು ಕಷ್ಟ. ಅವತ್ತೂ ನಿಲ್ಲದೆ ಮುಂದೆ ಹೋಯಿತು. ದೇವೀರಿಯ ಕೈ ಕೆಳಗಿಳಿಯಿತು. ಬಸ್ಸು ಮರದ ಮರೆಗೆ ಸರಿಯಿತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎಂದು ಅವಳಿಗೆ ಅಳು ಬಂತು.

ಅಷ್ಟರಲ್ಲಿ ಕಿರ್ರೆಂದು ಬ್ರೇಕಿನ ಸದ್ದು. ಹಿಂದೆಯೇ ಗದ್ದಲ. ಮರೆಯಿಂದ ಹಿಂದಕ್ಕೆ ಜಾರಿ ಅರ್ಧ ಕಾಣಿಸಿಕೊಂಡ ಬಸ್ಸಿನ ಜನವೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರು. ಒಬ್ಬರು ಗಟ್ಟಿಯಾಗಿ ಓದಿದರು:

"ಬನ್ನಿ!"

"ಯಾರಿಗ್ರೀ ಅದು? ಯಾರನ್ನ ಕರೀತಿದಾರೆ?" ಎಂದು ಕಂಡಕ್ಟರ್ ಕೂಗಿದ. "ಬೇಗ ಹೇಳ್ರಿ, ಗಾಡಿ ಹಿಂದಕ್ಕೆ ಜಾರ್ತಿದೆ!"

"ನನಗೆ! ನನಗೇ ಕರ್ದಿರೋದು!"

ಆ ದನಿ ಕೇಳಿ ದೇವೀರಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಮರದ ಮರೆಯಿಂದ ಖಾಕಿ ಕೋಟು ಓಡಿಬಂತು. ದರೆಯನ್ನು ಅವನು ಇಳಿಯಲಿಲ್ಲ, ಜಾರಿದ. ಕಂಕುಳಲ್ಲಿ ಕಾಗದದ ಸುರುಳಿ, ತಲೆಯಲ್ಲಿ ಒಣಗಿದ ಎಲೆ. ಕಣದ ಅಂಚಿಗೆ ಬಂದು ಗಕ್ಕನೆ ನಿಂತ, ಅಕ್ಷರದ ಮೇಲೆ ಕಾಲಿಡಲು ಹೆದರಿದವನ ಹಾಗೆ.

ಅವಳು ಕಾಯಲಿಲ್ಲ. ಕಣದಿಂದ ಹೊರಗೆ ಬಂದು, ಗಟ್ಟಿನೆಲದ ಮೇಲೆ ವಾಲುತ್ತ, ಬಸ್ಸಿನ ಅಷ್ಟೂ ಜನರ ಕಣ್ಣೆದುರು ಅವನ ಹತ್ತಿರ ನಡೆದಳು.

"ಪ್ರೆಸ್ಸಿಗೆ ಯಾವ ಅಕ್ಷರ ತಗೊಂಡು ಹೋಗ್ತಿದೀರಿ?"

"ನೆಟ್ಟಗಿರೋದು. ನೀವೇ ಹೇಳಿದ್ರಲ್ಲ."

"ಅದು ನನಗೆ ಇಷ್ಟ ಆಗ್ಲಿಲ್ಲ."

"ನನಗೂ ಆಗ್ಲಿಲ್ಲ," ಎಂದ ಅವನು. ಆಮೇಲೆ ಉಸಿರು ಬಿಡದೆ ಹೇಳಿದ: "ಅದನ್ನ ಬರೆಯೋಕೆ ನನ್ನ ಕೈಯೇ ಬರ್ಲಿಲ್ಲ ದೇವೀರಮ್ಮ. ಒಂದೊಂದು ಅಕ್ಷರ ನೆಟ್ಟಗೆ ಮಾಡುವಾಗ್ಲೂ ನಿಮ್ಮನ್ನ ದೂರ ತಳ್ಳಿದ ಹಾಗಾಗ್ತಿತ್ತು. ಅವತ್ತು ನೀವು ಬಾವಿವರೆಗೆ ನಡೆದ್ರಲ್ಲ, ನಾನು ಆಗ ಅಂದ್ಕೊಂಡೆ, ನನಗೆ ಇಷ್ಟ ಆಗಿದ್ದು ಇದೇ ನಡಿಗೆ ಅಂತ. ಅದನ್ನ ಆಗ ಹೇಳಿದ್ರೆ ನೀವು ನಂಬ್ತಿರ್ಲಿಲ್ಲ."

"ಈಗ ಹೇಳಿ."

"ಈಗ ಹೇಳ್ದೆನಲ್ಲ."

"ಇನ್ನೊಂದ್ಸಲ."

ಅವನ ಕಣ್ಣು ಈ ಸಲ ಅಂಚಿನಿಂದ ಬರಲಿಲ್ಲ, ನೇರವಾಗಿ ಅವಳ ಕಣ್ಣಿಗೇ ಬಂತು. "ನೀವಂದ್ರೆ ನನಗೆ ಪ್ರಾಣ," ಎಂದ. ಪಾಪ, ಅದಕ್ಕಿಂತ ಹೊಸ ಮಾತು ಅವನಿಗೆ ಹೊಳೆಯಲಿಲ್ಲ. ಅವಳಿಗೆ ಬೇರೆ ಮಾತು ಬೇಕೂ ಇರಲಿಲ್ಲ.

"ಏನ್ರೀ ಪೇಂಟರೇ, ಬರ್ತೀರೋ ಇಲ್ವೋ?" ಕಂಡಕ್ಟರ್ ಹಾರ್ನ್ ಒತ್ತಿಸಿದ. "ಮಂಗಳೂರು ಕಾಯ್ತಿದೆ!"

ಚನ್ನಕೇಶವ ಸುರುಳಿಯನ್ನು ಅವಳ ಕೈಗೆ ಕೊಟ್ಟ. ಕೂತು ಒಂದು ಬೂಟು ಕಳಚಿದ, ಇನ್ನೊಂದು ಕಳಚಿದ. ಪ್ಯಾಂಟು ಮಡಚಿ ಕಾಫಿಗೆ ಇಳಿದ. ಅವಳ ದೊಡ್ಡ ಅಕ್ಷರಗಳ ಕೆಳಗೆ, ಉಳಿದ ಅಂಚಿನಲ್ಲಿ, ಜಾರುತ್ತ, ತಡವರಿಸುತ್ತ, ಒಮ್ಮೆ ಬಿದ್ದು ಎದ್ದು, ಪಾದದಲ್ಲಿ ಬರೆದ. ಮೇಲಿದ್ದ ಬಸ್ಸಿನ ಜನ ಒಂದೊಂದೇ ಅಕ್ಷರವನ್ನು ಕೂಡಿಸಿ ಕೂಗಿದರು.

"ಬಂ... ದೆ! ಬಂದೆ!"

ಬಸ್ಸಿನಲ್ಲಿ ಶಿಳ್ಳೆ ಬಿತ್ತು. ಸಿದ್ದಗಂಗಮ್ಮ ಮತ್ತೆ ಸೆರಗು ಬೀಸಿದಳು, ಈ ಸಲ ಮಂಜಿಗಲ್ಲ. ಕಂಡಕ್ಟರ್ ನಗುತ್ತ ಚನ್ನಕೇಶವನ ಪೆಟ್ಟಿಗೆಯನ್ನು ದರೆಯ ಮೇಲಿಟ್ಟು, ಗಾಡಿ ಬಿಡಿಸಿದ.

ದೇವೀರಿ ಅವನು ಬರೆದದ್ದನ್ನು ಮೇಲಿಂದ ಕೆಳಗೆ ನೋಡಿದಳು. ನೆಟ್ಟಗೆ, ಬಿಗಿಯಾಗಿ, ಅಂಜಿಕೊಂಡು ನಿಂತಿದ್ದವು ಆ ಎರಡು ಅಕ್ಷರ.

"ಸ್ವಲ್ಪಾನೂ ವಾಲಿಲ್ಲ," ಎಂದಳು.

"ನನಗೆ ಎಲ್ಲಿ ಬರುತ್ತೆ?"

ಅವಳು ಕಾಫಿಗಿಳಿದು ಅವನ ಪಕ್ಕ ನಿಂತು, ಎಲ್ಲರೂ ನೋಡುತ್ತಿರುವಾಗಲೇ ಅವನ ಕೈ ಹಿಡಿದಳು. "ನನ್ನ ಜೊತೆ ನಡೀರಿ, ಬರುತ್ತೆ."

ಜಗುಲಿಯಿಂದ ಅಂಜನಮ್ಮ ಕೂಗಿದರು: "ಬರೆದದ್ದು ಸಾಕು, ಬನ್ನಿ! ಕಾಫಿ ಆರ್ತಿದೆ!"

ಇಬ್ಬರೂ ಹೊರಟರು. ಅವಳು ಬಲಕ್ಕೆ ವಾಲಿದಾಗ ಹಿಡಿದ ಕೈ ಅವನನ್ನೂ ಬಲಕ್ಕೆ ಎಳೆಯಿತು. ಅವನು ಎದುರೆಳೆಯಲಿಲ್ಲ.